ದೋಣಿ ನಡೆಸಿದ ಅಧ್ಯಕ್ಷೆ

ಸಂಸದೆ ಮೋಹಿನಿ ಕಾರ್ಕಳದ ಶಿಲ್ಪಿ ಅಣ್ಣು ಆಚಾರ್ಯರ ಶೆಡ್ಡಿಗೆ ಬಂದಿಳಿದಾಗ ಬೆಳಗಿನ ಹತ್ತು ಗಂಟೆ. ಆಳೆತ್ತರದ ಕಪ್ಪು ಕಲ್ಲೊಂದನ್ನು ದಿಮ್ಮಿಗಳ ಮೇಲೆ ಒರಗಿಸಿ ನಿಲ್ಲಿಸಿದ್ದರು. ಅದರ ಮೇಲೆ ಸೀಮೆಸುಣ್ಣದಲ್ಲಿ ಗೀರಿದ ಚಿತ್ರವಿತ್ತು. ಉಕ್ಕುವ ನೀರು, ಸಣ್ಣ ದೋಣಿ, ದೋಣಿಯಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಹೆಂಗಸು. ಮೋಹಿನಿಯ ಅಭಿಮಾನಿಗಳು ಉಡುಪಿಯ ಪಾರ್ಕೊಂದರಲ್ಲಿ ನಿಲ್ಲಿಸಲೆಂದು ಮಾಡಿಸುತ್ತಿದ್ದ ಕಲ್ಲು ಅದು.

"ಮುಖವನ್ನು ಫೋಟೋ ನೋಡಿಯೇ ಮಾಡಬಹುದು ಮೇಡಂ," ಎಂದರು ಆಚಾರ್ಯರು. "ಕೈಯದ್ದೇ ಕಷ್ಟ ಉಂಟು. ಪೇಪರಿನ ಫೋಟೋದಲ್ಲಿ ಕೈ ಎಂತದೋ ಸರಿ ಕಾಣುವುದಿಲ್ಲ. ನೀವೊಮ್ಮೆ ಹುಟ್ಟು ಹಿಡಿದು ನಿಂತರೆ ಸಾಕು, ಅಳತೆ ತೆಗೆದುಕೊಳ್ಳುತ್ತೇನೆ."

ಅದಕ್ಕಾಗಿಯೇ ಮಲ್ಪೆಯಿಂದ ಒಂದು ಹಳೆಯ ಹುಟ್ಟನ್ನು ತರಿಸಿಟ್ಟಿದ್ದರು. ಮೋಹಿನಿ ಅದನ್ನು ಎತ್ತಿಕೊಂಡಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಎಡಗೈ ಎಲ್ಲಿ, ಬಲಗೈ ಎಲ್ಲಿ? ಅವಳಿಗೆ ಗೊತ್ತಿರಲಿಲ್ಲ.

ಹೆಜಮಾಡಿಯ ಮೀನುಗಾರ ದೂಮಪ್ಪನ ಮಗಳು ಅವಳು. ಆ ಮನೆಯಲ್ಲಿ ಗಂಡಸರು ಕಡಲಿಗೆ ಹೋಗುತ್ತಿದ್ದರು, ಹೆಂಗಸರು ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ಹುಟ್ಟು ಮುಟ್ಟಿದ ಹೆಂಗಸು ಯಾರೂ ಇರಲಿಲ್ಲ. ಮದುವೆಯಾಗಿ ಉಡುಪಿಯ ಕಡಿಯಾಳಿಗೆ ಬಂದಳು. ವಾರ್ಡಿನ ನಳ್ಳಿ, ಚರಂಡಿ ಎಂದು ಓಡಾಡುತ್ತ ನಗರಸಭೆಯ ಸದಸ್ಯೆಯಾದಳು. ಮೀಸಲಾತಿಯಲ್ಲಿ ಅಧ್ಯಕ್ಷೆಯೂ ಆದಳು. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದಳು. ಆದರೂ ಎರಡು ವರ್ಷ ಕಳೆದರೆ ಊರು ಮರೆತುಬಿಡುವಂಥ ಅಧ್ಯಕ್ಷೆ ಎಂಬುದು ಅವಳಿಗೇ ತಿಳಿದಿತ್ತು.

ಆ ವರ್ಷದ ನೆರೆ ಎಲ್ಲವನ್ನೂ ಬದಲಿಸಿತು. ಒಂದೇ ರಾತ್ರಿಯ ಮಳೆಗೆ ಬನ್ನಂಜೆಯ ತಗ್ಗಿನ ಮನೆಗಳಲ್ಲಿ ಎದೆಮಟ್ಟ ನೀರು ನಿಂತಿತು. ಬೆಳಿಗ್ಗೆ ಟೆಂಪೋದಲ್ಲಿ ಎರಡು ದೋಣಿಗಳು ಬಂದವು. ಒಂದನ್ನು ಮಲ್ಪೆಯ ಹುಡುಗರು ಹತ್ತಿದರು. ಇನ್ನೊಂದಕ್ಕೆ ಆಳಿರಲಿಲ್ಲ. ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದವನೊಬ್ಬ ನೀರಿಗಿಳಿದು ಬಂದು, "ನಾ ನಡಸ್ತೀನ್ರಿ. ಬಾಗಲಕೋಟಿ ಕಡಿಯಾಂವ. ನಮ್ಮಪ್ಪ ಹೊಳ್ಯಾಗ ಹರಿಗೋಲು ಹಾಕತಿದ್ದ," ಎಂದ. ಅವನ ಹೆಸರು ಮುತ್ತುರಾಜ. ಅಧ್ಯಕ್ಷೆಯಾದವಳು ದಂಡೆಯಲ್ಲಿ ನಿಂತರೆ ಚೆನ್ನಾಗಿರುವುದಿಲ್ಲವೆಂದು ಮೋಹಿನಿಯೂ ಹತ್ತಿದಳು. ಮೂರು ಸಲ ಹೋಗಿ ಬಂದು ಹನ್ನೊಂದು ಜನರನ್ನು ದಾಟಿಸಿದರು. ಎರಡನೆಯ ಸಲ ದೋಣಿ ಕಾಂಪೌಂಡ್ ಗೋಡೆಗೆ ಬಡಿದು ವಾಲಿದಾಗ ಅವಳು ಕಣ್ಣು ಮುಚ್ಚಿ, ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

ಕೊನೆಯ ಸಲ ಮುದುಕಿಯೊಬ್ಬಳನ್ನು ಹೆಗಲಿಗೇರಿಸಿಕೊಳ್ಳಲು ಮುತ್ತುರಾಜ ನೀರಿಗೆ ಹಾರಿದ. ದೋಣಿ ಸರಿಯತೊಡಗಿತು. ಮೋಹಿನಿ ಗಾಬರಿಯಲ್ಲಿ ಎದ್ದು ಹುಟ್ಟನ್ನು ಹಿಡಿದುಕೊಂಡಳು. ಪತ್ರಿಕೆಯ ಫೋಟೋಗ್ರಾಫರ್ ಅಖಿಲ್ ಕ್ಯಾಮೆರಾ ಒತ್ತಿದ್ದು ಆಗಲೇ.

'ದೋಣಿ ನಡೆಸಿದ ಅಧ್ಯಕ್ಷೆ' ಎಂದು ಮರುದಿನ ಮುಖಪುಟದಲ್ಲಿ ಬಂತು. ಕಡಲಿನ ಮಗಳಲ್ಲವೇ ಎಂದು ಎಲ್ಲರೂ ನಂಬಿದರು. ಮಧ್ಯಾಹ್ನದೊಳಗೆ ಅಖಿಲನಿಗೆ ಫೋನ್ ಮಾಡಿ ತಿದ್ದಿಸಬೇಕೆಂದು ಅವಳು ಅಂದುಕೊಂಡಿದ್ದಳು. ಮಧ್ಯಾಹ್ನ ಬೆಂಗಳೂರಿನಿಂದ ಪಕ್ಷದ ಅಧ್ಯಕ್ಷರೇ ಫೋನ್ ಮಾಡಿದರು. ಆಮೇಲೆ ತಿದ್ದಿಸುವ ಮಾತು ಹಿಂದೆ ಬಿತ್ತು.

ಸುಳ್ಳನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಕಾಪುವಿನಲ್ಲಿ, ಲೋಕಸಭೆಯ ಟಿಕೆಟ್ ಸಿಕ್ಕ ಮೇಲೆ. ಸಮುದ್ರದ ದಂಡೆಯಲ್ಲಿ ಸಭೆ. ಮೈಕ್ ಮುಂದೆ ನಿಂತವಳಿಗೆ ಏನಾಯಿತೋ, ಎರಡೂ ಕೈ ಎತ್ತಿ, "ಇದೇ ಕೈಯಲ್ಲಿ ಹುಟ್ಟು ಹಾಕಿದ್ದೇನೆ. ನಿಮ್ಮನ್ನೂ ದಾಟಿಸುತ್ತೇನೆ," ಎಂದಳು. ಚಪ್ಪಾಳೆ ನಿಲ್ಲಲಿಲ್ಲ. ಆ ವಾಕ್ಯ ಹಾಗೆಯೇ ಉಳಿದುಕೊಂಡಿತು. ದೆಹಲಿಯಲ್ಲಿ ಹಿರಿಯ ಸಂಸದರು ಅವಳನ್ನು 'ನಾವ್‌ವಾಲಿ ದೀದಿ', ದೋಣಿಯ ಅಕ್ಕ, ಎಂದು ಕರೆಯುತ್ತಿದ್ದರು.

ತಂದೆ ದೂಮಪ್ಪ ಮಾತ್ರ ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದ್ದ. "ಕಸ ಗುಡಿಸುವ ಹಿಡಿಸೂಡಿ ಹಿಡಿದ ಹಾಗೆ ಹಿಡಿದಿದ್ದಿ, ಮಗಳೇ," ಎಂದಿದ್ದ. ಅಷ್ಟೇ. ಅವಳ ಯಾವ ಸಭೆಗೂ ಅವನು ಬರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದ ಸಂಗತಿ ಬೇರೆಯಿತ್ತು. ನೆರೆ ಇಳಿದ ತಿಂಗಳಲ್ಲೇ ಮುತ್ತುರಾಜ ಹೆಂಡತಿ ನಾಗವೇಣಿಯನ್ನು ಕರೆದುಕೊಂಡು ಕಡಿಯಾಳಿಯ ಮನೆಗೆ ಬಂದಿದ್ದ. ಬೀಚಿನಲ್ಲಿ ಜೀವರಕ್ಷಕರ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿದ್ದರಂತೆ. ನೆರೆಯಲ್ಲಿ ದೋಣಿ ನಡೆಸಿ ಜನರನ್ನು ಉಳಿಸಿದ್ದಾನೆಂದು ಅಧ್ಯಕ್ಷರು ಒಂದು ಪತ್ರ ಕೊಟ್ಟರೆ ಸಾಕಿತ್ತು. "ನೋಡುವ," ಎಂದಳು ಮೋಹಿನಿ. ಎರಡನೆಯ ಸಲವೂ "ನೋಡುವ" ಎಂದಳು. ಮೂರನೆಯ ಸಲ ಬಂದಾಗ ಮನೆಯಲ್ಲಿಲ್ಲವೆಂದು ಹೇಳಿಸಿದಳು. ಆ ಪತ್ರದ ಮೂರು ಸಾಲು ಬರೆದರೆ ಮುಖಪುಟದ ಫೋಟೋ ಸುಳ್ಳಾಗುತ್ತಿತ್ತು.

"ಮೇಡಂ, ಸ್ವಲ್ಪ ಆರಾಮಾಗಿ ಹಿಡಿಯಿರಿ. ಆವತ್ತಿನ ಹಾಗೆ," ಎಂದರು ಆಚಾರ್ಯರು.

ಅವಳು ಕೈ ಮೇಲೆ ಮಾಡಿದಳು, ಕೆಳಗೆ ಮಾಡಿದಳು. ಆಪ್ತ ಸಹಾಯಕ ಜಿತೇಂದ್ರ ವಾಚು ನೋಡಿಕೊಂಡ. ಆಚಾರ್ಯರ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಶೆಡ್ಡಿನ ಮೂಲೆಯಲ್ಲಿ ಕಲ್ಲು ಉಜ್ಜುತ್ತಿದ್ದ ಕೆಲಸದವನೊಬ್ಬ ಮಷೀನ್ ನಿಲ್ಲಿಸಿ ಹತ್ತಿರ ಬಂದ. ಮೈಯೆಲ್ಲ ಬೂದುಬಣ್ಣದ ಧೂಳು. ಮೂಗಿಗೆ ಕಟ್ಟಿದ್ದ ಬಟ್ಟೆ ಸರಿಸಿದಾಗ ಅವಳಿಗೆ ಗುರುತು ಸಿಕ್ಕಿತು. ಮುತ್ತುರಾಜ.

ಅವನು ಅವಳ ಕೈಯಿಂದ ಹುಟ್ಟನ್ನು ತೆಗೆದುಕೊಂಡ. ಒಂದು ಕೈ ಮೇಲಿನ ತುದಿಗೆ, ಇನ್ನೊಂದು ಕೈ ಕೆಳಗೆ ಹಲಗೆಯ ಹತ್ತಿರಕ್ಕೆ. ಮೊಣಕಾಲು ತುಸು ಬಾಗಿಸಿ ನಿಂತ.

"ಹಿಂಗ ಹಿಡಿದಿದ್ರು ಮೇಡಂನವ್ರು. ಆವತ್ತ ನಾ ಅಲ್ಲೇ ಇದ್ದೆ. ನೋಡೀನಿ," ಎಂದು ಆಚಾರ್ಯರಿಗೆ ಹೇಳಿದ.

"ಹಾಗಾ! ಈಗ ಸರಿಯಾಯಿತು," ಎಂದು ಆಚಾರ್ಯರು ಅಳತೆಯ ದಾರ ಹಿಡಿದು ಬಂದರು.

ಮುತ್ತುರಾಜ ಬೈದಿದ್ದರೆ, ಎಲ್ಲರೆದುರು ನಿಜ ಹೇಳಿದ್ದರೆ ಅವಳು ಹೇಗೋ ಎದುರಿಸುತ್ತಿದ್ದಳು. ಮೀಟಿಂಗ್ ಉಂಟೆಂದು ಹೇಳಿ ಅಲ್ಲಿಂದ ಹೊರಟು ಬಂದಳು. ಉಡುಪಿಗೆ ಬರುವವರೆಗೆ ಕಾರಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಮರುದಿನ ಊಟದ ಹೊತ್ತಿಗೆ ಜಿತೇಂದ್ರನನ್ನು ಮಾತ್ರ ಕರೆದುಕೊಂಡು ಮತ್ತೆ ಹೋದಳು. ಮುತ್ತುರಾಜ ಶೆಡ್ಡಿನ ಹಿಂದೆ ಬುತ್ತಿ ಬಿಚ್ಚಿ ಕೂತಿದ್ದ. ಅವಳನ್ನು ಕಂಡು ಏಳಹೋದ.

"ಕೂತುಕೊಳ್ಳಿ," ಎಂದಳು. "ನಿನ್ನೆ ಯಾಕೆ ಹಾಗೆ ಹೇಳಿದಿರಿ?"

"ಮತ್ತೇನ್ ಹೇಳ್ಬೇಕಿತ್ತರಿ?"

"ನಿಜ ಹೇಳಬಹುದಿತ್ತು."

ಅವನು ರೊಟ್ಟಿಯ ತುಂಡನ್ನು ಮುಗಿಸಿ, ನೀರು ಕುಡಿದು ಹೇಳಿದ: "ಈ ಕಲ್ಲ ಮುಗಿಯೂತನಕ ನನಗ ಎರಡು ತಿಂಗಳ ಕೆಲಸ ಐತ್ರಿ. ನಿಮ್ಮ ಕೈ ಸರಿ ಬರಲಿಲ್ಲಂದ್ರ ಕೆಲಸ ನಿಂದರತಿತ್ತು."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಕ್ಷಮಿಸಿದ್ದಾನೆಂದು ರಾತ್ರಿಯಿಡೀ ಅಂದುಕೊಂಡಿದ್ದಳು ಮೋಹಿನಿ. ಅವನಿಗೆ ಅದರ ಯೋಚನೆಯೇ ಇರಲಿಲ್ಲ.

ಅವಳು ನೇರ ಆಚಾರ್ಯರ ಬಳಿಗೆ ಹೋದಳು. ಜಿತೇಂದ್ರ ಹಿಂದಿನಿಂದ, "ಮೇಡಂ, ಬೇಡ, ಒಮ್ಮೆ ಮೇಲಿನವರ ಹತ್ತಿರ ಮಾತಾಡುವ," ಎನ್ನುತ್ತಲೇ ಇದ್ದ.

"ಆಚಾರ್ರೇ, ದೋಣಿ ನಡೆಸಿದ್ದು ನಾನಲ್ಲ. ನಿಮ್ಮ ಕೆಲಸದ ಮುತ್ತುರಾಜ. ನಾನು ಕಣ್ಣು ಮುಚ್ಚಿ ಕೂತಿದ್ದೆ."

ಆಚಾರ್ಯರು ಅವಳನ್ನು ನೋಡಿದರು, ಕಲ್ಲನ್ನು ನೋಡಿದರು. "ಹಾಗಾದರೆ ಇದನ್ನು ಎಂತ ಮಾಡುವುದು?" ಎಂದರು.

ಆ ಸಂಜೆ ಅವಳು ತನ್ನ ಕೈಯಾರೆ ಒಂದು ಪುಟ ಬರೆದು ಎಲ್ಲ ಪತ್ರಿಕೆಗಳಿಗೂ ಕಳಿಸಿದಳು. ಮುಂದಿನ ಸಲದ ಟಿಕೆಟ್ ಹೋಗುತ್ತದೆ, ಜನ ಉಗಿಯುತ್ತಾರೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. ನಾಲ್ಕು ದಿನ ಕೆಲವರು ನಕ್ಕರು, ಮೊಬೈಲುಗಳಲ್ಲಿ ಹುಟ್ಟಿನ ತಮಾಷೆಗಳು ಓಡಾಡಿದವು. ಆದರೆ ಹೆಚ್ಚಿನವರು ಬೇರೆಯೇ ಅರ್ಥ ಮಾಡಿಕೊಂಡರು. ತಾನು ಮಾಡಿದ್ದನ್ನು ಕೂಲಿಯವನ ಹೆಸರಿಗೆ ಬಿಟ್ಟುಕೊಡುವುದಕ್ಕೆ ಎಂಥ ದೊಡ್ಡ ಮನಸ್ಸು ಬೇಕು ಎಂದರು. ಕಾಪು ಪೇಟೆಯಲ್ಲಿ 'ಸರಳತೆಯ ಸಾಕಾರಮೂರ್ತಿ' ಎಂದು ಅವಳ ಕೈಮುಗಿದ ಫೋಟೋ ಹಾಕಿ ಬ್ಯಾನರ್ ಕಟ್ಟಿದರು. ದೆಹಲಿಯಿಂದ ಪಕ್ಷದ ಹಿರಿಯರು ಫೋನ್ ಮಾಡಿ, "ಒಳ್ಳೆಯ ಯೋಚನೆ, ಚೆನ್ನಾಗಿ ಕೆಲಸ ಮಾಡಿತು," ಎಂದರು. ಫೋನ್ ಇಟ್ಟ ಮೇಲೆ ಅವಳಿಗೆ ಕನ್ನಡಿ ನೋಡಲೂ ಹೇಸಿಗೆಯಾಯಿತು.

ಅಭಿಮಾನಿಗಳು ಕಲ್ಲಿನ ಕೆಲಸ ನಿಲ್ಲಿಸಿದರು. ಯಾರ ಮುಖ ಕೆತ್ತುವುದೆಂದು ಅವರಲ್ಲಿ ಒಮ್ಮತವಾಗಲಿಲ್ಲ.

ಭಾನುವಾರ ಅವಳು ಮಣಿಪಾಲಕ್ಕೆ ಹೋದಳು. ಅಲ್ಲಿ, ಇಳಿಜಾರಿನ ಕೆಳಗಿನ ಬಾಡಿಗೆ ಕೋಣೆಯೊಂದರಲ್ಲಿ ನಾಗವೇಣಿ ಇದ್ದಳು. ಹಾಸ್ಟೆಲೊಂದರಲ್ಲಿ ಕಸ ಗುಡಿಸುವ ಕೆಲಸ ಅವಳಿಗೆ. ಮುತ್ತುರಾಜ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಈಗ ಕೆಲಸವಿಲ್ಲದೆ ಒಳಗೆ ಮಲಗಿ ಕೆಮ್ಮುತ್ತಿದ್ದ. ಮೋಹಿನಿಯನ್ನು ಕಂಡ ನಾಗವೇಣಿ ಬಾಗಿಲಲ್ಲೇ ನಿಂತಳು.

"ಪತ್ರ ತಂದಿದ್ದೇನೆ," ಎಂದಳು ಮೋಹಿನಿ. "ಬೀಚಿನ ಕೆಲಸಕ್ಕೆ."

"ಆ ಕೆಲಸಕ್ಕ ವಯಸ್ಸು ಮೀರೇತ್ರಿ ಈಗ. ಮ್ಯಾಲ ಕಲ್ಲಿನ ಧೂಳು ಕುಡದು ನಾಕು ಮೆಟ್ಟಲು ಹತ್ತಿದ್ರ ದಮ್ಮು ಹತ್ತತೈತಿ. ಇನ್ನೆಲ್ಲಿ ಈಸೋದು?"

"ಬೇರೆ ಏನಾದರೂ ಮಾಡುತ್ತೇನೆ. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ."

"ಮಾಡ್ರಿ. ಬ್ಯಾಡ ಅನ್ನಾಕ ನಾವೇನ್ ದೊಡ್ಡ ಮಂದಿ ಅಲ್ಲ." ನಾಗವೇಣಿ ಮುಂದುವರಿಸಿದಳು, "ನಾವಿಬ್ರೂ ನಿಮಗ ವೋಟ್ ಹಾಕೀವ್ರಿ. ಆ ಮೂರು ಸಲ ವಾಪಸ್ ಬಂದ ಮ್ಯಾಲೂ. ಇವ್ರೇ ಅಂದ್ರು, ಒಂದ ದೋಣ್ಯಾಗ ಕುಂತಾಕಿ, ಎಂದಾರ ಒಂದಿನ ನೆನಸ್ತಾಳ ಅಂತ."

ಮೋಹಿನಿ ಪತ್ರ ಹಿಡಿದುಕೊಂಡೇ ಹೊಸ್ತಿಲ ಮುಂದಿನ ಸಿಮೆಂಟಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಕ್ಕಪಕ್ಕದ ಕೋಣೆಗಳಿಂದ ಜನ ತಲೆ ಹೊರಗೆ ಹಾಕಿದರು. ಯಾರೋ ಮೊಬೈಲ್ ಎತ್ತಿದರು.

"ಏಳ್ರಿ ಮೇಡಂ, ಫೋಟೋ ತಗೀತಾರ," ಎಂದಳು ನಾಗವೇಣಿ. "ಒಳಗ ಬರ್ರಿ."

ಮೋಹಿನಿ ಎದ್ದು ಒಳಗೆ ಹೋದಳು. ನಾಗವೇಣಿ ಬಾಗಿಲು ಹಾಕಿದಳು.