ನೀಲವ್ವ ತಿರುಗಿಸಿ ನೋಡಿದ ಗಾಲಿ

ಎಡಗಾಲಿಯನ್ನು ಮುಂದಕ್ಕೆ ತಿರುಗಿಸಿದರೆ ಬಲಗಾಲಿ ತಾನಾಗಿಯೇ ಹಿಂದಕ್ಕೆ ತಿರುಗುತ್ತಿತ್ತು. ನೆಲ ಬಿಟ್ಟು ನಿಂತಿದ್ದ ಆ ಎರಡು ಗಾಲಿಗಳನ್ನು ನಾನು ಇಂದಿಗೂ ಮರೆತಿಲ್ಲ.

ಆಗ ನಾನು ಹೆರಿಗೆ ಆಸ್ಪತ್ರೆಯ ಜೀಪು ಓಡಿಸುತ್ತಿದ್ದೆ. ಹಳೆಯ ಗಾಡಿ, ತಂದು ವಾರವೂ ಆಗಿರಲಿಲ್ಲ. ಮುಂದಿನ ಗಾಲಿಗಳಿಗೆ ಎಂಜಿನ್ನಿನ ಎಳೆತವಿರಲಿಲ್ಲ, ಗಾಡಿಯನ್ನು ನೂಕುವುದೆಲ್ಲ ಹಿಂದಿನವೇ. "ಹಿಂದಿನ ಡಿಫರೆನ್ಷಿಯಲ್ ಲಾಕ್ ಇರುವಂಥದ್ದು, ಎರಡು ಗಾಲಿಯೂ ಒಟ್ಟಿಗೇ ತಿರುಗುತ್ತವೆ, ಯಾವ ಕೆಸರಲ್ಲೂ ಹೂತುಕೊಳ್ಳುವುದಿಲ್ಲ" ಎಂದು ಮಾರಿದವನು ಹೇಳಿದ್ದ. ನಾನು ಅದನ್ನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಒಂದು ಬೆಳಿಗ್ಗೆ ಹಳ್ಳದಾಚೆಯ ಕಲ್ಲುಗಣಿಯಿಂದ ದುರಗಪ್ಪ ಎಂಬಾತ ಓಡುತ್ತ ಬಂದ. ಅವನ ಹೆಂಡತಿಗೆ ನೋವು ಶುರುವಾಗಿತ್ತು. ಮಗು ಅಡ್ಡ ತಿರುಗಿದೆಯೆಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಹಳ್ಳದ ನೀರು ಇಳಿದು ಗೇಣು ಆಳದ ಕೆಸರು ಉಳಿದಿತ್ತು. ಅವನನ್ನು ಹತ್ತಿಸಿಕೊಂಡು ಹೊರಟವನು, ಗಾಲಿಗಳಿಗೆ ಗಾಳಿ ಹಾಕಿಸಲು ನೀಲವ್ವನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಗಂಡ ತೀರಿಕೊಂಡ ಮೇಲೆ ಗ್ಯಾರೇಜನ್ನು ಅವಳೇ ನಡೆಸುತ್ತಿದ್ದಳು.

"ಹಳ್ಳಕ್ಕ ಇಳಸ್ತೀಯೇನು? ಇದಕ್ಕ ಲಾಕ್ ಐತಿ ಅಂತ ಯಾರಂದ್ರು?"

"ಮಾರಿದವರು ಅಂದಾರ, ಅಕ್ಕಾ."

"ಮಾರಿದವರು ಹೇಳಿದ್ರ ಆಗೂದಿಲ್ಲ ತಮ್ಮಾ, ಗಾಲಿ ಹೇಳಬೇಕು."

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಬದಿಯನ್ನು ಜಾಕಿಯಿಂದ ಎತ್ತಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿಸಿದಳು. ಎಡಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿದಳು. ಬಲಗಾಲಿ ಹಿಂದಕ್ಕೆ ತಿರುಗಿತು.

"ಲಾಕ್ ಇದ್ದಿದ್ರ ಎರಡೂ ಒಂದ ಕಡಿಗೆ ತಿರುಗತಿದ್ವು. ಇದು ಸಾದಾ. ಒಂದು ಗಾಲಿ ಜಾರಿದ್ರ ಬಲ ಎಲ್ಲಾ ಅದಕ್ಕ ಹೋಗತೈತಿ, ಇನ್ನೊಂದು ಸುಮ್ನ ನಿಲ್ಲತೈತಿ."

ದುರಗಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಹ್ಯಾಂಡ್‌ಬ್ರೇಕನ್ನು ಎರಡು ಸಲ ಎಳೆದು, ಅದು ಹಿಂದಿನ ಗಾಲಿಗಳನ್ನು ಹಿಡಿಯುವುದನ್ನು ಕಂಡು, ಜಾಕಿ ಇಳಿಸಿ, ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕ ಹತ್ತಿ ಕೂತಳು.

ಹೋಗುವಾಗ ಹೇಗೋ ದಾಟಿದೆವು. ಗರ್ಭಿಣಿಯನ್ನು ಮಲಗಿಸಿಕೊಂಡು ಬರುವಾಗ ನಡುಹಳ್ಳದಲ್ಲಿ ಎಡಗಾಲಿ ಭರ್ರನೆ ಸುತ್ತತೊಡಗಿತು, ಬಲಗಾಲಿ ಅಲುಗಲಿಲ್ಲ. ಬೆಳಿಗ್ಗೆ ಗಾಳಿಯಲ್ಲಿ ಕಂಡ ಗಾಲಿಗಳು ಕಣ್ಣಮುಂದೆ ಬಂದವು. ಲಾಕ್ ನಂಬಿಕೊಂಡೇ ಇದ್ದಿದ್ದರೆ ಕಾಲೊತ್ತಿ ಆಕ್ಸಿಲರೇಟರ್ ತುಳಿದು ಜೀಪನ್ನು ಅಲ್ಲೇ ಹೂಳುತ್ತಿದ್ದೆ. ಹಿಂದೆ ಆ ಹೆಣ್ಣುಮಗಳು ನರಳಿದಳು.

"ಸಾವಕಾಶ. ಒಂದೇ ಹದಕ್ಕ ತುಳಿ" ಎಂದ ನೀಲವ್ವ ಹ್ಯಾಂಡ್‌ಬ್ರೇಕನ್ನು ಒಂದೊಂದೇ ಹಲ್ಲು ಎಳೆಯತೊಡಗಿದಳು. ಅವಳ ಕಣ್ಣು ಮುಚ್ಚಿತ್ತು. ಗಾಲಿಯ ಸದ್ದನ್ನೇ ಆಲಿಸುತ್ತಿದ್ದಳು. ಜಾರುವ ಗಾಲಿಗೆ ತಡೆ ಬಿದ್ದಂತೆ ಅದರ ಭರಾಟೆ ಇಳಿಯಿತು. ನಿಂತೇ ಇದ್ದ ಬಲಗಾಲಿಗೆ ಬಲ ಹರಿಯಿತು. ಅದು ಒಮ್ಮೆ ನಡುಗಿ, ನೆಲ ಕಚ್ಚಿ, ಹೊರಳಿತು. ಜೀಪು ಮೊಳ ಮೊಳವಾಗಿ ದಡ ಏರಿತು. ವರ್ಷಗಟ್ಟಲೆ ಗಾಡಿ ಓಡಿಸಿದ್ದೆ. ಗಾಡಿಯೊಂದು ಮಾತು ಕೇಳುವುದನ್ನು ಅಂದೇ ಕಂಡೆ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು; ತಾಯಿಯೂ ಉಳಿದಳು. ಒಳಗೆ ಬಾ ಎಂದರೂ ನೀಲವ್ವ ಬರಲಿಲ್ಲ. ನರ್ಸಮ್ಮನೇ ಮಗುವನ್ನು ಬಾಗಿಲಿಗೆ ತಂದಳು. ನೀಲವ್ವ ಗ್ರೀಸು ಮೆತ್ತಿದ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ, ಮಗುವಿನ ಮುಖ ನೋಡುತ್ತ ನಿಂತಳು.