ಎಂಟರಲ್ಲಿ ಕರೆಯಬಾರದು

ಟೀವಿಯವರಿಗೇನು, ಕೆಂಪು ಸುರುಳಿಯೊಂದನ್ನು ಗಿರಗಿರ ತಿರುಗಿಸಿಕೊಂಡು ಕೂತಿರುತ್ತಾರೆ. ಅದರ ಕೆಳಗೆ ಯಾರ ಮಗಳಿದ್ದಾಳೆ ಅಂತ ಅವರಿಗೆ ಗೊತ್ತಾಗಬೇಕಲ್ಲ. ಅರಬ್ಬಿ ಸಮುದ್ರದಲ್ಲಿ ಎದ್ದಿರುವ ಚಂಡಮಾರುತ ನಾಳೆ ರಾತ್ರಿಯೊಳಗೆ ಕರಾವಳಿಗೆ ಬಡಿಯುತ್ತದೆ ಎಂದು ಆ ಹುಡುಗಿ ಹಬ್ಬದ ಸೀರೆ ಉಟ್ಟುಕೊಂಡು ನಗುನಗುತ್ತಾ ಹೇಳಿದಳು. ಸುರುಳಿಯ ಬಾಲ ನಕ್ಷೆಯಲ್ಲಿ ಹೊನ್ನಾವರವನ್ನು ಮುಟ್ಟುತ್ತಿತ್ತು. ಹೊನ್ನಾವರದ ಆಚೆ, ಸಮುದ್ರಕ್ಕೆ ಅಂಟಿಕೊಂಡ ಕೇರಿಗೇ ಘಟ್ಟದ ಮೇಲಿನವರಾದ ನಾವು ನಮ್ಮ ಒಬ್ಬಳೇ ಮಗಳು ದಿವ್ಯಳನ್ನು ಕೊಟ್ಟಿದ್ದು. ಅವಳಿಗೆ ಎಂಟು ತಿಂಗಳು ನಡೆಯುತ್ತಿತ್ತು.

"ಅತ್ತೆ, ನಾಳೆ ಬೆಳಿಗ್ಗೆನೇ ಹೋಗಿ ದಿವ್ಯನ್ನ ಕರ್ಕೊಂಡು ಬರ್ತೀವ್ರಿ" ಎಂದೆ.

ನಮ್ಮತ್ತೆ ಲೋಕಮ್ಮ ಜಗುಲಿಯಲ್ಲಿ ಕಾಲು ಚಾಚಿ ಕೂತು, ಕೆಮ್ಮಣ್ಣು ಬಳಿದ ಭೂಮಣ್ಣಿ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಿದ್ದರು. ಭೂಮಿ ಹುಣ್ಣಿಮೆ ಹತ್ತಿರ ಬಂದಿತ್ತು. ಹೊಡೆ ತುಂಬಿದ ಭತ್ತದ ಗದ್ದೆಯನ್ನು ಬಸುರಿ ಎಂದೇ ತಿಳಿದು, ನಸುಕಿನಲ್ಲಿ ಆ ಬುಟ್ಟಿಯಲ್ಲಿ ಊಟ ಹೊತ್ತುಕೊಂಡು ಹೋಗಿ ಭೂಮಿತಾಯಿಗೆ ಬಯಕೆ ತೀರಿಸುವ ಹಬ್ಬ. ಅತ್ತೆ ಎಳೆಯುತ್ತಿದ್ದ ಗೆರೆಯಿಂದ ಕಣ್ಣು ತೆಗೆಯಲಿಲ್ಲ.

"ಎಂಟರಲ್ಲಿ ಕರೀಬಾರ್ದು."

"ಚಂಡಮಾರುತ ಬರ್ತೈತಂತ್ರಿ ಅಲ್ಲಿ!"

"ಬರ್ಲಿ. ಸಮುದ್ರದ ದಡದಲ್ಲಿ ಅವ್ಳು ಒಬ್ಳೇ ಇದಾಳಾ? ಏಳರಲ್ಲಿ ಕರೀಬೇಕು, ಇಲ್ಲ ಒಂಬತ್ತಾಗ್ಬೇಕು. ಎಂಟರಲ್ಲಿ ಬಸುರಿ ತವರಿನ ಹಾದಿ ತುಳೀಬಾರ್ದು."

ಏಳರಲ್ಲಿ ಕರೆಯಬೇಕೆಂದೇ ಇದ್ದೆವು. ಪಿತೃಪಕ್ಷ ಅಡ್ಡ ಬಂತು, ಪಕ್ಷದಲ್ಲಿ ಕರೆಯುವುದುಂಟೇ ಎಂದರು. ಪಕ್ಷ ಕಳೆಯಿತು ಎನ್ನುವಷ್ಟರಲ್ಲಿ ಬೀಗರ ಮನೆಯಲ್ಲಿ ನವರಾತ್ರಿಯ ದೀಪ ಹಾಕಿದ್ದರು, ದೀಪ ಉರಿಯುವಾಗ ಬಸುರಿ ಸೊಸೆಯನ್ನು ಕಳಿಸುವುದಿಲ್ಲ ಎಂದರು. ದೀಪ ಆರುವಷ್ಟರಲ್ಲಿ ಎಂಟು ಹೊಕ್ಕಿತ್ತು. ಇಷ್ಟೆಲ್ಲ ಶಾಸ್ತ್ರವನ್ನು ಎರಡೂ ಮನೆಯವರು ಕಣ್ಣಿಗೊತ್ತಿಕೊಂಡು ಪಾಲಿಸಿದೆವು. ಚಂಡಮಾರುತಕ್ಕೆ ಮಾತ್ರ ಯಾವ ಶಾಸ್ತ್ರವೂ ಇರಲಿಲ್ಲ.

ಮಗಳಿಗೆ ಫೋನ್ ಮಾಡಿದೆ. ಏನೂ ಇಲ್ಲಮ್ಮ ಎಂದೇ ಶುರುಮಾಡಿದಳು. ಹಿಂದೆ ಗಾಳಿಯ ಸದ್ದು ಎಷ್ಟಿತ್ತೆಂದರೆ ಅವಳು ಎರಡೆರಡು ಸಲ ಹೇಳಬೇಕಾಗಿತ್ತು.

"ಮೈಕಲ್ಲಿ ಕೂಗ್ತಾ ಹೋದ್ರಮ್ಮ, ಎಲ್ರೂ ಶಾಲೆಗೆ ಹೋಗಿ ಅಂತ. ಅತ್ತೆ ಬರಲ್ಲ ಅಂತಿದಾರೆ. ನೀರು ರಸ್ತೆಗೆ ಬಂದಿದೆ." ಆಮೇಲೆ ಫೋನನ್ನು ಬಾಯಿಗೆ ಹತ್ತಿರ ಹಿಡಿದು, "ಅಮ್ಮ, ನೀವು ಕರೀದೇ ಇವ್ರು ಕಳ್ಸಲ್ಲ. ನನಗೆ ಹೆದರಿಕೆ ಆಗ್ತಿದೆ" ಎಂದಳು.

ನನ್ನ ಮಗಳು ಹೆದರಿಕೆ ಎಂಬ ಮಾತು ಆಡುವವಳಲ್ಲ. ಫೋನ್ ಇಟ್ಟು ನಮ್ಮನೆಯವರ ಕಡೆ ನೋಡಿದೆ. ನಾಗೇಶ್ ಎಂದು ಅವರ ಹೆಸರು, ಆದರೆ 'ನೋಡಣ' ಎಂದು ಇಟ್ಟಿದ್ದರೆ ಸರಿಹೋಗುತ್ತಿತ್ತು.

"ನೋಡಣ, ಬೆಳಗಾಗ್ಲಿ" ಎಂದರು.

"ಬೆಳಗಾದ ಮೇಲೆ ಏನು ನೋಡ್ತೀರಿ? ಮನೆ ಮುಳುಗಿದ್ದು ಟೀವ್ಯಾಗೆ ನೋಡ್ತೀರೇನು?"

"ಶಶಿರೇಖಾ!" ಅತ್ತೆ ಬುಟ್ಟಿಯನ್ನು ಕೆಳಗಿಟ್ಟರು. "ಬಯಲುಸೀಮೆ ನಾಲಿಗೆ ಇಲ್ಲಿ ಉದ್ದ ಮಾಡ್ಬೇಡ. ನಾನೊಂದು ಕಳ್ಕೊಂಡೋಳು. ಇನ್ನೊಂದು ಕಳ್ಕೊಳ್ಳೋ ಶಕ್ತಿ ನಂಗಿಲ್ಲ."

ಆ ಮಾತು ಬಂದರೆ ನಮ್ಮನೆಯಲ್ಲಿ ಎಲ್ಲರ ಬಾಯಿಯೂ ಮುಚ್ಚುತ್ತದೆ. ಅತ್ತೆಯ ಮೊದಲ ಮಗು ಹುಟ್ಟುತ್ತಲೇ ಹೋಯಿತಂತೆ. ಎಂಟನೇ ತಿಂಗಳಲ್ಲಿ ಅವರ ಅಪ್ಪ ಗಾಡಿ ಕಟ್ಟಿಕೊಂಡು ಕರೆಯಲು ಬಂದಿದ್ದರಿಂದ ಹೀಗಾಯಿತು ಎಂದು ನಾನು ಸೊಸೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ. ಗಾಡಿಯ ಕುಲುಕಾಟಕ್ಕೆ ಹೋಗಿರಬೇಕು ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ. ಕೆದಕಿ ಕೇಳುವ ವಿಷಯವಲ್ಲವಲ್ಲ. ಅವರ ಅಪ್ಪನ ಹೆಸರನ್ನೂ ಅವರ ಬಾಯಲ್ಲಿ ನಾನು ಕೇಳಿಲ್ಲ.

ಆದರೂ ನಾನು ತೊಗರ್ಸಿಯಲ್ಲಿ ಹುಟ್ಟಿದವಳು, ಸುಮ್ಮನೆ ಕೂರಲಿಲ್ಲ. ಹಿತ್ತಲಿಗೆ ಹೋಗಿ ತಮ್ಮ ಪ್ರದೀಪನಿಗೆ ಫೋನ್ ಮಾಡಿದೆ. ಅವನು ಶಿಕಾರಿಪುರದಲ್ಲಿ ಬಾಡಿಗೆ ವ್ಯಾನ್ ಓಡಿಸುತ್ತಾನೆ.

"ಅಕ್ಕ, ನಸುಕಿಗೇ ಬರ್ತೀನಿ. ಭಾವಂಗೆ ಹೇಳ್ಬೇಡ" ಎಂದ.

ಬೆಳಿಗ್ಗೆ ವ್ಯಾನ್ ಬಾಗಿಲಿಗೆ ಬಂದು ನಿಂತಾಗ ಅತ್ತೆ ಅಂಗಳ ಸಾರಿಸುತ್ತಿದ್ದರು. ಬೈಯುತ್ತಾರೆಂದುಕೊಂಡೆ. ಅವರು ವ್ಯಾನನ್ನೇ ದಿಟ್ಟಿಸಿ ನೋಡಿ, ಮುಖ ಬಿಳಿಚಿಕೊಂಡು, ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ನಮ್ಮನೆಯವರು 'ನೋಡಣ' ಎನ್ನದೆ ಒಳಗಿಂದ ಎರಡು ದಿಂಬು ತಂದು ಹಿಂದಿನ ಸೀಟಿಗೆ ಹಾಕಿದರು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು, ಥೂ.

ನಾನೂ ಪ್ರದೀಪನೂ ಹೊರಟೆವು. ಸಿದ್ದಾಪುರ ದಾಟುವವರೆಗೆ ಜಿಟಿಜಿಟಿ ಮಳೆಯಷ್ಟೇ ಇತ್ತು. ಗೇರುಸೊಪ್ಪೆ ಘಟ್ಟ ಇಳಿಯುತ್ತಿದ್ದಂತೆ ಗಾಳಿ ವ್ಯಾನನ್ನು ಪಕ್ಕಕ್ಕೆ ತಳ್ಳತೊಡಗಿತು. ಎದುರಿನಿಂದ ಹಾಸಿಗೆ, ಪಾತ್ರೆ, ಮಕ್ಕಳನ್ನು ತುಂಬಿಕೊಂಡ ವಾಹನಗಳು ಮೇಲೆ ಬರುತ್ತಿದ್ದವು. ಇಳಿಯುತ್ತಿದ್ದವರು ನಾವು ಮಾತ್ರ.

ಕೇರಿಯಲ್ಲಿ ಗಂಡಸರೆಲ್ಲ ಸೇರಿ ದೋಣಿಗಳನ್ನು ದಡದ ಮೇಲೆ ಎಳೆದು ತೆಂಗಿನ ಬುಡಕ್ಕೆ ಕಟ್ಟುತ್ತಿದ್ದರು. ಹೆಂಚಿನ ಮನೆಗಳ ಮೇಲೆ ಮರಳಿನ ಚೀಲ ಹೇರಿದ್ದರು. ಅಳಿಯ ಶ್ರೀನಾಥ ಮಾಡಿನ ಮೇಲೆ ಕೂತು ಹಗ್ಗ ಬಿಗಿಯುತ್ತಿದ್ದ. ಅವನು ಮೀನಿಗೆ ಐಸ್ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ, ಮಾತು ಕಡಿಮೆ. ನನ್ನನ್ನು ಕಂಡವನೇ ಇಳಿದು ಬಂದ. ಸಮುದ್ರವನ್ನು ನಾನು ಮದುವೆಯಲ್ಲಿ ನೋಡಿದ್ದೆ, ಆಗ ಅದು ದೂರದಲ್ಲಿ ತನ್ನ ಪಾಡಿಗೆ ತಾನಿತ್ತು. ಈಗ ಮಣ್ಣಿನ ಬಣ್ಣಕ್ಕೆ ತಿರುಗಿ, ಅಂಗಳದ ಬೇಲಿಯ ಹತ್ತಿರ ಬಂದು ಕೂಗುತ್ತಿತ್ತು.

ಬೀಗಿತ್ತಿ ಬಾಗಿಲಲ್ಲೇ ನಿಂತರು. "ಎಂಟರಲ್ಲಿ ಕರೂಕೆ ಬಂದ್ರಿಯಾ?"

"ಬಂದೀನ್ರಿ. ಪಾಪ ಬಂದ್ರೆ ನನಗೇ ಬರ್ಲಿ. ನೀವೂ ಬರ್ರಿ ನಮ್ಮನೆಗೆ."

"ನಾ ಎಲ್ಲಿಗೂ ಬರೂದಿಲ್ಲ. ಇದು ನಮ್ಮ ಸಮುದ್ರ" ಎಂದರು. ಹಾಗೆಂದವರು ಒಳಗೆ ಹೋಗಿ ಅಕ್ಕಿ, ತೆಂಗಿನಕಾಯಿ ತಂದು ದಿವ್ಯಳ ಮಡಿಲಿಗೆ ಹಾಕಿದರು. ಅವಸರಕ್ಕೆ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಅವರನ್ನು ಬೈಯಬೇಕೆಂದು ಘಟ್ಟದುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಬಿಟ್ಟು, ಬಗ್ಗಿ ಆ ಅಕ್ಕಿಯನ್ನು ಆಯ್ದುಕೊಂಡೆ.

"ನೀವಾದ್ರೂ ಬರ್ರಿ" ಎಂದೆ ಶ್ರೀನಾಥನಿಗೆ.

"ಅಮ್ಮನ್ನ ಬಿಟ್ಟು ಹ್ಯಾಂಗೆ ಬರ್ಲಿ ಅತ್ತೆ? ಕತ್ತಲಾಗೂದ್ರೊಳಗೆ ಅಮ್ಮನ್ನ ಎತ್ಕೊಂಡಾದ್ರೂ ಶಾಲೆಗೆ ಹೋಗ್ತೆ" ಎಂದ. ದಿವ್ಯಳಿಗೆ ಮಾತ್ರ, "ಮನೆ ಮುಟ್ಟಿದ ಕೂಡ್ಲೇ ಫೋನ್ ಮಾಡು" ಎಂದು ವ್ಯಾನಿನ ಬಾಗಿಲು ಹಾಕಿದ. ಗಾಜಿನ ಮೇಲೆ ಅವನ ಒದ್ದೆ ಕೈಯ ಗುರುತು ಬಹಳ ಹೊತ್ತು ಇತ್ತು. ದಿವ್ಯ ಅದನ್ನೇ ನೋಡುತ್ತಿದ್ದಳು.

ಘಟ್ಟದ ಅರ್ಧದಲ್ಲಿ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಮುಂದೆ ಲಾರಿಗಳ ಸಾಲು. ಯಾರೋ ಗರಗಸ ತಂದು ಕೊಯ್ಯುತ್ತಿದ್ದರು, ಪ್ರದೀಪನೂ ಇಳಿದು ಹೋದ. ಮಳೆ ವ್ಯಾನಿನ ತಲೆಯ ಮೇಲೆ ಕಲ್ಲು ಸುರಿದ ಹಾಗೆ ಬೀಳುತ್ತಿತ್ತು. ಆಗ ದಿವ್ಯ ನನ್ನ ಕೈ ಹಿಡಿದುಕೊಂಡಳು.

"ಅಮ್ಮ, ಹೊಟ್ಟೆ ಗಟ್ಟಿಯಾಗ್ತಿದೆ."

ಮುಟ್ಟಿ ನೋಡಿದೆ. ನಿಜವಾಗಿಯೂ ಬಿಗಿದುಕೊಂಡಿತ್ತು. ಅಯ್ಯೋ ದೇವರೇ, ಅತ್ತೆಯ ಮಾತೇ ನಿಜವಾಗಿಬಿಟ್ಟರೆ ಏನು ಗತಿ ಎಂದುಕೊಂಡೆ. ಅಲ್ಲಿಯವರೆಗೆ ಶಾಸ್ತ್ರಕ್ಕೆ ಬೈದದ್ದನ್ನೆಲ್ಲ ಒಂದೊಂದಾಗಿ ವಾಪಸ್ಸು ತೆಗೆದುಕೊಂಡೆ. ಹುಚ್ಚಿ ನಾನು, ನಾಲ್ಕು ಜನ ಹೇಳಿದ್ದನ್ನು ಕೇಳಿಕೊಂಡು ಸುಮ್ಮನಿರಬಾರದಿತ್ತೇ? ತೊಗರ್ಸಿಯ ಮಲ್ಲಿಕಾರ್ಜುನ, ಈ ಘಟ್ಟ ಒಂದು ಹತ್ತಿಸಪ್ಪಾ ಎಂದು ಬಾಯಿಬಿಟ್ಟು ಕೂಗಿಕೊಂಡೆ. ದಿವ್ಯ ನನಗೇ ಸಮಾಧಾನ ಹೇಳಿದಳು.

ಮರ ಸರಿಯಿತು. ಸಿದ್ದಾಪುರದ ಆಸ್ಪತ್ರೆಗೇ ಮೊದಲು ನುಗ್ಗಿದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಮಗುವಿನ ಎದೆಬಡಿತವನ್ನು ನನಗೂ ಕೇಳಿಸಿ, "ದಣಿವಿಗೆ ಹೀಗಾಗುತ್ತೆ. ಮನೆಗೆ ಹೋಗಿ ಮಲಗಿಸಿ, ಹೆಚ್ಚಾದ್ರೆ ಮಾತ್ರ ತಕ್ಷಣ ಬನ್ನಿ" ಎಂದರು. ನೋವು ಇಳಿದಿತ್ತು. ನನ್ನ ಜೀವ ಮಾತ್ರ ಇನ್ನೂ ಘಟ್ಟದಲ್ಲೇ ಇತ್ತು.

ಮನೆ ಮುಟ್ಟುವಾಗ ಮುಸ್ಸಂಜೆ. ಹಬ್ಬದ ಅಡುಗೆಯ ಘಮ ಬೀದಿಗೆ ಬರುತ್ತಿತ್ತು. ಅತ್ತೆ ಹೊಸ್ತಿಲ ಒಳಗೆ ನಿಂತಿದ್ದರು. ದಿವ್ಯ ಸೊಂಟಕ್ಕೆ ಕೈ ಕೊಟ್ಟುಕೊಂಡು ಜಗುಲಿ ಹತ್ತಿದಳು.

"ಅಲ್ಲೇ ನಿಲ್ಲು" ಎಂದರು ಅತ್ತೆ.

ದಿವ್ಯ ನಿಂತಳು. ಮಾಡಿನ ನೀರು ಅವಳ ಬೆನ್ನ ಮೇಲೆ ಸಿಡಿಯುತ್ತಿತ್ತು. ನನಗೆ ಮೈಯೆಲ್ಲ ಉರಿದು ಹೋಯಿತು. "ಅತ್ತೆ, ಇವತ್ತು ಅವಳನ್ನ ಹೊರಗೆ ನಿಲ್ಲಿಸಿದ್ರೆ ನಾನೂ ಈ ಮನೆಯೊಳಗೆ ಕಾಲಿಡಂಗಿಲ್ಲ ನೋಡ್ರಿ!"

ಅವರು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಒಳಗೆ ಹೋದರು. ಬರುವಾಗ ಕೈಯಲ್ಲಿ ಬಾಳೆಲೆ ಇತ್ತು, ಎಲೆಯ ಮೇಲೆ ಹಬೆಯಾಡುವ ಕಡುಬು, ಕೆಸುವಿನ ಪಲ್ಯ. ಭೂಮಿತಾಯಿಗೆಂದು ಮಡಿಯಲ್ಲಿ ಮಾಡಿದ್ದ ಅಡುಗೆ ಅದು. ಗದ್ದೆಗೆ ಬೀರುವ ಮೊದಲು ಅದನ್ನು ಯಾರೂ ಮೂಸುವಂತೆಯೂ ಇಲ್ಲ. ಹಿಂದೊಮ್ಮೆ ನಾನು ಉಪ್ಪು ನೋಡಿದ್ದಕ್ಕೆ ಇಡೀ ಅಡುಗೆಯನ್ನು ಚೆಲ್ಲಿಸಿ ಮತ್ತೆ ಮಾಡಿಸಿದವರು ಇದೇ ಅತ್ತೆ.

"ಬಾಯಿ ತೆಗಿ" ಎಂದರು.

"ಅಜ್ಜಿ, ಭೂಮಿಗೆ ಇನ್ನೂ..."

"ಭೂಮ್ತಾಯಿ ತಡ್ಕೊಳ್ತಾಳೆ. ತುಂಬಿದ ಹೊಟ್ಟೆ ಕಷ್ಟ ಅವ್ಳಿಗೆ ಗೊತ್ತು. ಬಾಯಿ ತೆಗಿ ಮಗಾ."

ತಾವೇ ತುತ್ತು ಮುರಿದು ಬಾಯಿಗಿಟ್ಟರು. ಆಮೇಲೆ ದಿವ್ಯಳನ್ನು ಕೈ ಹಿಡಿದು ಹೊಸ್ತಿಲು ದಾಟಿಸಿ, ಒಲೆಯ ಹತ್ತಿರ ಕೂರಿಸಿ, ಅವಳ ತಲೆ ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದರು.

"ನಮ್ಮಪ್ಪ ಗಾಡಿ ತಂದಿದ್ದು ಹೌದು ಕಣೆ. ಆದ್ರೆ ನಾನು ಆ ಗಾಡಿ ಹತ್ತಲೇ ಇಲ್ಲ."

ನಾನು ಒಲೆಗೆ ಸೌದೆ ಒಡ್ಡುತ್ತಿದ್ದವಳು ಅವರ ಕಡೆ ತಿರುಗಿದೆ.

"ಮಳೆ ಹಿಡಿದಿತ್ತು. ದಂಡಾವತಿ ಹೊಳೆ ಏರ್ತಾ ಇತ್ತು. ಅದು ದಾರಿ ಕಟ್ಟೋಕೆ ಮುಂಚೆ ಮಗಳನ್ನ ಕರ್ಕೊಂಡ್ಹೋಗ್ತೀನಿ ಅಂತ ಅಪ್ಪ ಬಂದಿದ್ದ. ಎಂಟರಲ್ಲಿ ಕಳ್ಸಲ್ಲ ಅಂತ ನಮ್ಮತ್ತೆ ಅಂಗಳದಿಂದಲೇ ವಾಪಸ್ ಕಳ್ಸಿದ್ಲು. ಆಮೇಲೆ ಹೊಳೆ ಬಂತು, ನಂಗೆ ನೋವೂ ಬಂತು. ಸೂಲಗಿತ್ತಿ ಆಚೆ ದಡದಲ್ಲೇ ಉಳಿದ್ಲು." ಬಟ್ಟೆಯ ತುದಿಯಿಂದ ದಿವ್ಯಳ ಕಿವಿ ಒರೆಸಿದರು. "ಎಂಟರಲ್ಲಿ ಗಾಡಿ ತಂದು ಬಾಗ್ಲಿಗೆ ನಿಲ್ಲಿಸಿದ್ದಕ್ಕೇ ಮಗು ಹೋಯ್ತು ಅಂದ್ರು. ಎಲ್ರೂ ಅಂದ್ರು. ನಾನೂ ಅದನ್ನೇ ಗಟ್ಟಿ ಹಿಡ್ಕೊಂಡೆ. ಅಪ್ಪ ಎಷ್ಟೋ ಸಲ ಬಂದು ಈ ಜಗುಲಿ ಮೇಲೆ ಕೂತು ಹೋದ. ಒಂದು ಲೋಟ ನೀರು ಬೇಕಾ ಅಂತ ಕೇಳ್ಲಿಲ್ಲ ನಾನು, ಅವ್ನು ಸಾಯೋವರೆಗೆ."

ಒಲೆಯಲ್ಲಿ ಸೌದೆ ಚಟಪಟ ಎನ್ನುತ್ತಿತ್ತು. ನಮ್ಮನೆಯವರು ಬಾಗಿಲಲ್ಲಿ ಬಂದು ನಿಂತಿದ್ದರು.

"ಈಗ ಇವ್ಳು ಚೆನ್ನಾಗಿ ಬಂದು ಕೂತಿದಾಳಲ್ಲೇ ಶಶಿರೇಖಾ" ಎಂದರು ಅತ್ತೆ. "ಶಾಸ್ತ್ರ ಸುಳ್ಳು ಅಂತಾದ್ರೆ, ನಮ್ಮಪ್ಪಂಗೆ ನಾ ಎಂತ ಹೇಳ್ಲಿ?"

ಇಪ್ಪತ್ತೈದು ವರ್ಷ ಅವರ ಜೊತೆ ಜಗಳವಾಡಿದವಳು ನಾನು. ಅವತ್ತು ಸೌದೆ ಕೆಳಗಿಟ್ಟು ಎದ್ದೆ. ಹೋಗಿ ಅವರ ಪಕ್ಕದಲ್ಲಿ ಕೂತೆ.

ದಿವ್ಯ ಗಂಡನಿಗೆ ಫೋನ್ ಮಾಡುತ್ತಲೇ ಇದ್ದಳು. ಮೊದಮೊದಲು ರಿಂಗ್ ಆಗಿ ನಿಲ್ಲುತ್ತಿತ್ತು, ಆಮೇಲೆ ಸ್ವಿಚ್ ಆಫ್ ಎಂದಿತು. ಟೀವಿ ಹಾಕೋಣವೆಂದರೆ ಕರೆಂಟೇ ಹೋಯಿತು.

ನಸುಕಿನಲ್ಲಿ ನಮ್ಮನೆಯವರು ಭೂಮಣ್ಣಿ ಬುಟ್ಟಿ ಹೊತ್ತು ಹೊರಟರು. ಅಡುಗೆಯನ್ನು ಮತ್ತೆ ಮಾಡುವುದು ಬೇಡ, ಇದೇ ಸಾಕು ಎಂದಿದ್ದರು ಅತ್ತೆ. ದಿವ್ಯಳ ಹತ್ತಿರ ಪ್ರದೀಪನನ್ನು ಬಿಟ್ಟು ಅವರೂ ಬಂದರು, ನಾನೂ ಹೋದೆ. ಗದ್ದೆಯಲ್ಲಿ ಭತ್ತದ ಪೈರು ಗಾಳಿಗೆ ನೆಲದವರೆಗೆ ಬಾಗಿ ಏಳುತ್ತಿತ್ತು. ಘಟ್ಟ ಹತ್ತಿ ಇಷ್ಟು ದೂರ ಬಂದ ಮೇಲೂ ಗಾಳಿಗೆ ಇಷ್ಟು ಜೋರಿದ್ದರೆ, ಅಲ್ಲಿ ಆ ಹೆಂಚಿನ ಮನೆ, ಆ ಹಟದ ಹೆಂಗಸು, ಹಗ್ಗ ಬಿಗಿಯುತ್ತಿದ್ದ ಹುಡುಗ ಏನಾಗಿರಬೇಕು? ನನಗೆ ಪೂಜೆಯ ಮೇಲೆ ಮನಸ್ಸೇ ನಿಲ್ಲಲಿಲ್ಲ.

ಪೂಜೆ ಮುಗಿಸಿ ಕಾಗೆಗೆ ಎಡೆ ಇಟ್ಟರು. ಅತ್ತೆ ಅದರ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ ಬಡಿಸತೊಡಗಿದರು.

"ಇದು ಯಾರಿಗಮ್ಮ?" ಎಂದರು ನಮ್ಮನೆಯವರು.

"ಗಾಡಿ ತಂದಿದ್ದೋನಿಗೆ" ಎಂದರು. ಬಡಿಸಿದ ಮೇಲೆ ಒಂದು ಲೋಟ ನೀರನ್ನೂ ಎಲೆಯ ಪಕ್ಕ ಇಟ್ಟರು.

ಆ ಗಾಳಿಗೆ ಯಾವ ಕಾಗೆ ಬರುತ್ತದೆ? ಎಲೆಯ ಅಂಚು ಪಟಪಟ ಹೊಡೆದುಕೊಳ್ಳುತ್ತಿತ್ತು. ಮನೆಗೆ ಹೋಗೋಣ ಬನ್ನಿ ಎಂದು ಕರೆದೆ. ಅತ್ತೆ ಬದುವಿನ ಕೆಸರಲ್ಲೇ ಕೂತು, ಎಲೆ ಹಾರಿಹೋಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡರು.

"ಇನ್ನೊಂಚೂರು ತಡಿಯೇ" ಎಂದರು. "ಅವ್ನು ಬರೋನೇ. ನಾನೇ ಒಳಗೆ ಕರೀತಿರಲಿಲ್ಲ."