ಪರ್ಸಿಮನ್ ಹಿಲ್‌ನ ಗೆರೆ

ರಿಚ್ಮಂಡ್ ನಗರದ ಪರ್ಸಿಮನ್ ಹಿಲ್‌ನಲ್ಲಿ ಈ ಸಂಗತಿಯನ್ನು ಎರಡು ಬಗೆಯಾಗಿ ಹೇಳುವುದುಂಟು. ಮಿಸ್ ಓಝೆಲಾ ಅವರ ಮನೆ ಹೋದದ್ದು ಸೋರುವ ಸೂರಿನಿಂದ ಎಂದು ಕೆಲವರು. ಅರ್ನೆಟಾಳ ಕರುಣೆಯಿಂದ ಎಂದು ಕೆಲವರು. ಅರ್ನೆಟಾ ಗೇನ್ಸ್ ಸ್ವತಃ ಒಪ್ಪುವುದು ಎರಡನೆಯ ಬಗೆಯನ್ನು.

ಅವಳು ಆ ಗುಡ್ಡದ ಮೇಲೆಯೇ ಬೆಳೆದವಳು. ತಾಯಿ ಆಸ್ಪತ್ರೆಯ ಪಾಳಿಗೆ ಹೋದ ದಿನಗಳಲ್ಲಿ ಅವಳಿಗೆ ಉಣಬಡಿಸಿ, ಜಡೆ ಹೆಣೆದು, ಶಾಲೆಗೆ ಕಳಿಸಿದವರು ಪಕ್ಕದ ಮನೆಯ ಮಿಸ್ ಓಝೆಲಾ. ಓದಿ ಮುಗಿಸಿದ ಅರ್ನೆಟಾ ನದಿ ದಂಡೆಯ ಬ್ಯಾಂಕೊಂದರಲ್ಲಿ ಕೆಲಸ ಹಿಡಿದಳು. ಊರಿನವರ ಠೇವಣಿ ಇಟ್ಟುಕೊಳ್ಳುವ ಬ್ಯಾಂಕು ಆ ಊರಿನ ಬಡ ಬೀದಿಗಳಿಗೂ ಸಾಲ ಕೊಡಬೇಕೆಂದು ಕಾನೂನಿದೆ. ಹಾಗೆ ಕೊಡುವಂತೆ ನೋಡಿಕೊಳ್ಳುವುದು, ಕೊಟ್ಟದ್ದನ್ನು ಸರಕಾರಕ್ಕೆ ವರದಿ ಮಾಡುವುದು ಅವಳ ಪಾಲಿನ ಕೆಲಸ. ಸರಕಾರವು ನಗರವನ್ನು ಗಣತಿಯ ವಲಯಗಳಾಗಿ ವಿಂಗಡಿಸಿ, ಇದು ಬಡವರ ವಲಯ, ಇದು ನಡುಮಟ್ಟದ್ದು ಎಂದು ಪಟ್ಟಿ ಹೊರಡಿಸುತ್ತದೆ. ಪರ್ಸಿಮನ್ ಹಿಲ್ ಮೊದಲಿನಿಂದಲೂ ಬಡವರ ಪಟ್ಟಿಯಲ್ಲಿಯೇ ಇತ್ತು.

ಅಲ್ಲಿನ ಮನೆಗಳಿಗೆ ಕಡಿಮೆ ಬಡ್ಡಿಯ ಸಾಲಯೋಜನೆಯೊಂದನ್ನು ರೂಪಿಸಿದವಳು ಅರ್ನೆಟಾ. ಅದರ ನಿಯಮವನ್ನು ಮೇಲಧಿಕಾರಿ ಹ್ಯಾಲೊರನ್ ಎದುರು ಇಟ್ಟ ದಿನ ಅವನು ಹುಬ್ಬೇರಿಸಿದ್ದ.

"ಬಡವರು ಹೌದೋ ಅಲ್ವೋ ಅಂತ ಕೇಳೋದೇ ಬೇಡ ಅಂತೀಯಲ್ಲ?"

"ಸಾಲ ತೀರಿಸ್ತಾರಾ ಅಂತ ನೋಡೋಣ ಸರ್. ಬಡತನಕ್ಕೆ ಪುರಾವೆ ಕೇಳೋದು ಬೇಡ. ಮನೆ ಬಡ ವಲಯದ ಗೆರೆ ಒಳಗಿದ್ರೆ ಸಾಕು."

"ಯಾಕೆ?"

"ನಮ್ಮ ಹಿರಿಯರು ಸತ್ರೂ ಕೊಡಲ್ಲ, ಅದಕ್ಕೆ."

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದು ಕಾಲಕ್ಕೆ ಬ್ಯಾಂಕಿನವರು ಕರಿಯರು ವಾಸಿಸುವ ಇದೇ ಗುಡ್ಡದ ಸುತ್ತ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು, ಒಳಗಿನವರಿಗೆ ಸಾಲವಿಲ್ಲ ಎಂದಿದ್ದರು. ಮಿಸ್ ಓಝೆಲಾ ಅವರ ಗಂಡ ಸಂಬಳದ ಚೀಟಿಗಳನ್ನು ಇಸ್ತ್ರಿಯ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಿ, ಗುಮಾಸ್ತರ ನಗೆ ಕೇಳಿ ಹಿಂದಿರುಗಿದ್ದರು. ಅಂದಿನಿಂದ ಆ ಮನೆಯಲ್ಲಿ ಯಾರೂ ಯಾರಿಗೂ ತಮ್ಮ ಗಳಿಕೆಯನ್ನು ತೋರಿಸಿದವರಲ್ಲ. ಆ ನಗೆ ಮತ್ತೆ ಯಾರ ಕಿವಿಗೂ ಬೀಳಬಾರದೆಂದೇ ಅರ್ನೆಟಾ ನಿಯಮವನ್ನು ಹಾಗೆ ಕಟ್ಟಿದ್ದಳು. ಹ್ಯಾಲೊರನ್ ಸಹಿ ಹಾಕಿದ.

ಮಿಸ್ ಓಝೆಲಾ ಅವರ ಸೂರು ಆಗಲೇ ಸೋರುತ್ತಿತ್ತು. ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿಯುತ್ತಿದ್ದ ಅವರ ಪಕ್ಕದಲ್ಲಿ ನಿಂತು ಅರ್ನೆಟಾ ಮಾತು ತೆಗೆದಳು.

"ನಾಳೆನೇ ಬನ್ನಿ, ಮಿಸ್ ಓಝೆಲಾ. ಮೊದಲನೇ ಸಾಲ ನಿಮ್ದೇ ಆಗ್ಲಿ."

"ಅಡುಗೆ ಮಾಡೋಳು ಮೊದಲು ಉಣ್ತಾಳೇನೇ ಕಂದ?" ಎಂದರು ಅವರು, ಬಾಣಲೆಯಿಂದ ಕಣ್ಣು ಕೀಳದೆ. "ಟಿಲ್ಮನ್ ಮನೇಲಿ ಕೂಸಿದೆ. ಅವರದಾಗ್ಲಿ. ಸಿಸ್ಟರ್ ರೂತ್‌ಗೆ ಮೆಟ್ಟಿಲು ಹತ್ತಕ್ಕಾಗಲ್ಲ, ಅವಳದಾಗ್ಲಿ. ನಂದೇನು, ಎರಡು ಬಕೆಟ್ ಇಟ್ಟಿದೀನಿ."

"ಬಕೆಟ್ ಇಟ್ಕೊಂಡು ಎಷ್ಟು ದಿನ?"

"ಪರಲೋಕಕ್ಕೆ ಹೋಗೋ ತನಕ. ಅಲ್ಲಿ ಸೂರು ಸೋರಲ್ಲವಂತೆ."

ಸುತ್ತಲಿದ್ದ ಹೆಂಗಸರು ನಕ್ಕರು. ಆ ಚರ್ಚಿನಲ್ಲಿ ಅಡುಗೆಮನೆಯ ತಾಯಂದಿರು ಎಲ್ಲರೂ ಉಂಡ ಮೇಲೆಯೇ ತಟ್ಟೆ ಹಿಡಿಯುವುದು, ಅದನ್ನು ಮೀರಿದವರಿಲ್ಲ. ಅರ್ನೆಟಾ ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತೆಂದು ಈಗ ಹೇಳುತ್ತಾಳೆ.

ಟಿಲ್ಮನ್ ಮನೆಯವರು ಬಂದರು, ಸಿಸ್ಟರ್ ರೂತ್ ಬಂದರು. ಅವರ ಹಿಂದೆಯೇ ಗುಡ್ಡದವರಲ್ಲದವರೂ ಬಂದರು. ವಕೀಲರು, ಆಸ್ಪತ್ರೆಯ ಯುವ ವೈದ್ಯರು, ನಾಯಿ ಹಿಡಿದು ಓಡುವ ದಂಪತಿಗಳು. ಗೆರೆಯೊಳಗೆ ಮನೆ ಕೊಂಡರೆ ಬಡ್ಡಿ ಕಡಿಮೆ, ಯಾರೂ ಏನೂ ಕೇಳುವುದಿಲ್ಲ ಎಂಬುದು ಅವರಿಗೆ ಬೇಗ ತಿಳಿಯಿತು. ಬಡ ವಲಯದಲ್ಲಿ ಕೊಟ್ಟ ಸಾಲವಾದ್ದರಿಂದ ಪ್ರತಿಯೊಂದೂ ಅರ್ನೆಟಾಳ ವರದಿಯಲ್ಲಿ ಪುಣ್ಯದ ಪಾಲಿಗೆ ಸೇರಿತು. ಬ್ಯಾಂಕಿನಲ್ಲಿ ಅವಳನ್ನು ಹೊಗಳಿದರು. ಅವಳಿಗೂ ಹೆಮ್ಮೆಯಾಯಿತು.

ಕೊನೆಗೆ ಮಿಸ್ ಓಝೆಲಾ ಅವರ ಮಲಗುವ ಕೋಣೆಯ ಮಾಡು ಕುಸಿಯಿತು. ರಿಪೇರಿ ಮಾಡಿಸಿ ಇಲ್ಲವೇ ಮನೆ ಬಿಡಿ ಎಂದು ನಗರಸಭೆಯವರು ಬಾಗಿಲಿಗೆ ಚೀಟಿ ಅಂಟಿಸಿದರು. ಮಿಸ್ ಓಝೆಲಾ ಭಾನುವಾರದ ಟೊಪ್ಪಿಗೆ ಧರಿಸಿ ಬ್ಯಾಂಕಿಗೆ ಬಂದು, "ಈಗ ನನ್ನ ಸರದಿ ಬಂತು ಕಂದ" ಎಂದರು.

ಅರ್ನೆಟಾ ಆ ವರ್ಷದ ಹೊಸ ಪಟ್ಟಿಯನ್ನು ತೆರೆದಳು. ಪರ್ಸಿಮನ್ ಹಿಲ್ ನಡುಮಟ್ಟದ ವಲಯವಾಗಿತ್ತು. ಹೊಸಬರ ಆದಾಯವು ಗುಡ್ಡದ ಲೆಕ್ಕವನ್ನು ಮೇಲೆತ್ತಿತ್ತು. ಗೆರೆ ಸರಿದಿತ್ತು, ಮಿಸ್ ಓಝೆಲಾ ಅವರ ಮನೆ ಹೊರಗೆ ಉಳಿದಿತ್ತು.

ಎರಡು ದಿನ ತಡೆಯಿರಿ ಎಂದು ಹೇಳಿ ಅವರನ್ನು ಕಳಿಸಿದಳು. ಒಂದೇ ಮೂಲವನ್ನು ನಂಬಬಾರದೆಂಬುದು ಅವಳ ವೃತ್ತಿಯ ಶಿಸ್ತು. ವರದಿಗೆ ಸೇರುವ ಪ್ರತಿ ಸಂಗತಿಯನ್ನೂ ಎರಡು ಮೂರು ಕಡೆ ಒರೆಗೆ ಹಚ್ಚುವವಳು. ಈ ಸಲವೂ ಹಾಗೆಯೇ ಮಾಡಿದಳು, ಆದರೆ ಎಲ್ಲಾದರೂ ತಪ್ಪು ಸಿಗಲೆಂದು ಬೇಡಿಕೊಳ್ಳುತ್ತ. ನಗರ ಯೋಜನಾ ಕಚೇರಿಯ ನಕ್ಷೆ ಅದನ್ನೇ ಹೇಳಿತು. ಬ್ಯಾಂಕು ದುಡ್ಡು ತೆತ್ತು ತರಿಸುತ್ತಿದ್ದ ತಂತ್ರಾಂಶವೂ ಅದನ್ನೇ ಹೇಳಿತು. ಕಡೆಗೆ ವಿಶ್ವವಿದ್ಯಾಲಯದ ನಕ್ಷೆ ವಿಭಾಗಕ್ಕೆ ಫೋನು ಮಾಡಿದಳು.

"ನೀವು ಯಾರನ್ನ ಕೇಳಿದ್ರೂ ಅಷ್ಟೇ ಮೇಡಂ," ಎಂದ ಅಲ್ಲಿದ್ದವನು. "ನಾವೆಲ್ಲ ನೀರು ಸೇದೋದು ಒಂದೇ ಬಾವಿಯಿಂದ, ಸರಕಾರದ ಗಣತಿಯಿಂದ."

"ಬಾವಿನೇ ತಪ್ಪಿರಬಹುದಲ್ವಾ?"

"ಇಲ್ಲ ಮೇಡಂ, ನಾನೇ ತಾಳೆ ನೋಡಿದೀನಿ." ಸ್ವಲ್ಪ ತಡೆದು ಕೇಳಿದ, "ತಪ್ಪಿರಬೇಕಿತ್ತಾ?"

ಅವಳು ಫೋನಿಟ್ಟು ಹ್ಯಾಲೊರನ್ ಕೋಣೆಗೆ ಹೋದಳು.

ಹ್ಯಾಲೊರನ್ ಕಟುಕನೇನಲ್ಲ. ಅವಳ ಮಾತನ್ನು ಪೂರ್ತಿ ಕೇಳಿದ. "ನಿಯಮ ಬದಲಿಸಬೇಕು ಅಂದ್ರೆ ಆಡಳಿತ ಮಂಡಳಿ ಸೇರಬೇಕು. ಅದು ಸೇರೋದು ಅಕ್ಟೋಬರ್‌ನಲ್ಲಿ."

"ಅಷ್ಟು ಹೊತ್ತಿಗೆ ಮನೆ ಹೋಗಿರುತ್ತೆ ಸರ್. ಅವರು ಬಡವರೇ. ನಾನು ಸಾಕ್ಷಿ ಹೇಳ್ತೀನಿ."

"ಬಡವರಾ ಅಂತ ಕೇಳಬಾರದು ಅಂದೋಳು ನೀನೇ ಅಲ್ವಾ, ಅರ್ನೆಟಾ?" ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು.

ಮಾಮೂಲು ಬಡ್ಡಿಗೆ ಮಿಸ್ ಓಝೆಲಾ ಅವರ ಪಿಂಚಣಿ ಸಾಲದು. ಅರ್ನೆಟಾ ಅವರ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಬೀನ್ಸ್‌ ನಾರು ಬಿಡಿಸುತ್ತ ಕೇಳಿದರು.

"ಅಂದ್ರೆ ನಾನೀಗ ಬಡವಳಲ್ಲ," ಎಂದರು. "ನಮ್ಮೆಜಮಾನ್ರು ಇದ್ದಿದ್ರೆ ಎಷ್ಟು ಹಿಗ್ತಿದ್ರು."

"ನನ್ನ ಬೈರಿ, ಮಿಸ್ ಓಝೆಲಾ."

"ನಿನ್ನ ಬೈದ್ರೆ ಸೂರು ಎದ್ದು ನಿಲ್ಲುತ್ತೇನೇ? ಈ ಬುಟ್ಟಿ ಹಿಡ್ಕೋ."

ಅದೇ ವರ್ಷ ಜೂನ್‌ನಲ್ಲಿ ಬ್ಯಾಂಕಿನ ತಪಾಸಣೆಗೆ ಸರಕಾರಿ ಪರೀಕ್ಷಕರು ಬಂದರು. ಬಡಾವಣೆಯವರನ್ನು ಖಾಸಗಿಯಾಗಿ ಕರೆದು, ಬ್ಯಾಂಕು ನಿಮಗೆ ಏನು ಮಾಡಿದೆಯೆಂದು ಕೇಳುವುದು ಅವರ ಪದ್ಧತಿ. ಗುಡ್ಡದ ಸಂಘದ ಅಧ್ಯಕ್ಷೆಯಾಗಿದ್ದ ಮಿಸ್ ಓಝೆಲಾ ಅವರಿಗೆ ಕರೆ ಬಂತು. ಅವರು ಇದ್ದದ್ದನ್ನು ಇದ್ದಂತೆ ಹೇಳಿದರೆ ಬ್ಯಾಂಕಿಗೆ ಕೆಟ್ಟ ಹೆಸರು. ಅರ್ನೆಟಾಳ ಕೆಲಸವೂ ಹೋಗಬಹುದು. ಹೋಗಲಿ, ಒಂದು ಕಡೆಯಾದರೂ ನಿಜ ದಾಖಲಾಗಲಿ ಎಂದು ಅರ್ನೆಟಾ ಬಯಸಿದಳು. ಪರೀಕ್ಷಕರು ಅವರನ್ನು ಕರೆಸಿದ್ದ ಗ್ರಂಥಾಲಯದ ಹೊರಗೆ ಕಾರಿನಲ್ಲಿ ಕಾದಿದ್ದಳು.

"ಏನು ಹೇಳಿದ್ರಿ?"

"ಒಳ್ಳೇದೇ ಹೇಳ್ದೆ. ಟಿಲ್ಮನ್ ಮನೆ ಹೇಳ್ದೆ, ರೂತಳ ಮೆಟ್ಟಿಲು ಹೇಳ್ದೆ. ನಮ್ಮ ಹುಡುಗಿ ಆ ಬ್ಯಾಂಕಲ್ಲಿರೋವರೆಗೂ ನಮಗೇನೂ ಕಮ್ಮಿಯಿಲ್ಲ ಅಂದೆ."

"ನಿಮ್ಮ ಮನೆ ವಿಷಯ?"

"ಅವರು ಕೇಳಲಿಲ್ಲ." ಅವರು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಹೊರಗಿನವರ ಮುಂದೆ ಮನೆಮಗಳನ್ನ ಬಿಟ್ಕೊಡ್ತೀನೇನೇ? ನಡಿ, ಬಿಸಿಲು."

ಅರ್ನೆಟಾ ಕಾರು ಚಾಲೂ ಮಾಡಿ ಅವರನ್ನು ಮನೆಗೆ ಬಿಟ್ಟಳು.

ಜುಲೈನಲ್ಲಿ ಮಿಸ್ ಓಝೆಲಾ ಮನೆ ಮಾರಿ, ಪೀಟರ್ಸ್‌ಬರ್ಗ್‌ನಲ್ಲಿರುವ ತಂಗಿಯ ಮಗಳ ಮನೆಗೆ ಹೋದರು. ಕೊಂಡವನು ಆಗಸ್ಟ್‌ನಲ್ಲಿ ಮನೆಯನ್ನು ಬುಡಸಮೇತ ಕೆಡವಿಸಿದ. ಅಕ್ಟೋಬರಿನಲ್ಲಿ ಮಂಡಳಿ ನಿಯಮ ಬದಲಿಸಿತು. ಅದೇ ವಾರ ಪರೀಕ್ಷಕರ ವರದಿಯೂ ಬಂತು. ಬ್ಯಾಂಕಿಗೆ ಎಲ್ಲಕ್ಕಿಂತ ಮೇಲಿನ ದರ್ಜೆ. ಈ ಬ್ಯಾಂಕು ನೆರೆಹೊರೆಯ ಅಗತ್ಯಗಳನ್ನು ಚೆನ್ನಾಗಿ ಅರಿತಿದೆಯೆಂದು ಬಡಾವಣೆಯ ಹಿರಿಯರೊಬ್ಬರು ತಿಳಿಸಿದ್ದಾರೆಂಬ ಮಾತು ಅದರಲ್ಲಿತ್ತು. ಕಚೇರಿಯಲ್ಲಿ ಕೇಕು ಕತ್ತರಿಸಿದರು. ಅರ್ನೆಟಾ ತನ್ನ ಪಾಲಿನ ತುಂಡನ್ನು ಮೇಜಿನ ಮೇಲೆಯೇ ಬಿಟ್ಟು ಹೊರಗೆ ಬಂದಳು.

ಭಾನುವಾರ ಪೀಟರ್ಸ್‌ಬರ್ಗ್‌ನಿಂದ ಫೋನು ಬಂತು. ಚರ್ಚಿನ ಸುದ್ದಿ, ಮೊಣಕಾಲಿನ ನೋವು ಎಲ್ಲ ಆದ ಮೇಲೆ ಮಿಸ್ ಓಝೆಲಾ ಕೇಳಿದರು:

"ಆ ಕಡೆ ಹೋಗಿದ್ಯೇನೇ ಕಂದ? ಮನೆ ಹೇಗಿದೆ?"

ಅರ್ನೆಟಾ ಆಗ ನಿಂತಿದ್ದುದು ಆ ನಿವೇಶನದ ಎದುರಿಗೇ. ಬೇಲಿಯ ಒಳಗೆ ಕೆಂಪು ಮಣ್ಣಿನ ಹಳ್ಳವಿತ್ತು.

"ಹೋಗಿದ್ದೆ ಮಿಸ್ ಓಝೆಲಾ," ಎಂದಳು. "ಚೆನ್ನಾಗಿದೆ. ಸೂರು ಗಟ್ಟಿ ಮಾಡಿಸಿದಾರೆ."

"ನೀನು ಹೇಳಿದ ಮೇಲೆ ಸರಿ," ಎಂದರು ಅವರು.